ಅಮೆರಿಕದ ಕರಿಯರ ಸ್ಮರಣದಿನಗಳು

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕರಿಯ ಜನಾಂಗದ ಚರಿತ್ರೆಯನ್ನು ದಿನಕ್ಕೊಂದು ಘಟನೆಯಂತೆ ಸ್ಮರಿಸುವ ಪದ್ಧತಿಯೊಂದು ಬೆಳೆದುಬಂದಿದೆ. ಇಂತಹ ದಿನದರ್ಶಿಕೆಗಳಲ್ಲಿ ಫೆಬ್ರವರಿ 14ರ ಎದುರಿಗೆ ಫ್ರೆಡರಿಕ್ ಡಗ್ಲಸ್ಸರ ಜನ್ಮದಿನವೆಂದು ಬರೆದಿರುತ್ತದೆ. ಅವರು ಅಂದೇ ಹುಟ್ಟಿದರೆಂಬುದಕ್ಕೆ ಮಾತ್ರ ಆಧಾರವಿಲ್ಲ. ಮೇರಿಲೆಂಡಿನಲ್ಲಿ ದಾಸಿಯೊಬ್ಬಳ ಮಗನಾಗಿ ಹುಟ್ಟಿದ ಡಗ್ಲಸ್ಸರಿಗೆ ತಮ್ಮ ವಯಸ್ಸೇ ಖಚಿತವಾಗಿ ತಿಳಿದಿರಲಿಲ್ಲ. ಗುಲಾಮರು ತಮ್ಮ ಹುಟ್ಟನ್ನು ಬಿತ್ತನೆಯ ಕಾಲ, ಸುಗ್ಗಿಯ ಕಾಲ, ಚೆರಿ ಹಣ್ಣಿನ ಕಾಲ ಎಂದು ಹೇಳಿಕೊಳ್ಳುತ್ತಿದ್ದರೆಂದೂ, ಬಿಳಿಯ ಮಕ್ಕಳಿಗೆ ತಿಳಿದಿದ್ದುದು ತಮಗೇಕೆ ತಿಳಿಯಬಾರದೆಂಬುದು ಬಾಲ್ಯದ ಕೊರಗಾಗಿದ್ದಿತೆಂದೂ ಅವರು 1845ರ ಆತ್ಮಕಥೆಯಲ್ಲಿ ಬರೆದಿದ್ದಾರೆ. ನಮ್ಮ ಹಳ್ಳಿಗಳ ಹಿರಿಯರು ಬರಗಾಲದಿಂದಲೋ ಪ್ಲೇಗಿನ ವರ್ಷದಿಂದಲೋ ವಯಸ್ಸನ್ನೆಣಿಸುತ್ತಿದ್ದುದನ್ನು ಇಲ್ಲಿ ನೆನೆಯಬಹುದು. ಆದರೆ ಎರಡೂ ಒಂದೇ ಅಲ್ಲ. ಅದು ರೂಢಿ, ಇಲ್ಲಿ ಗುಲಾಮನು ಒಡೆಯನನ್ನು ಕೇಳುವುದೇ ಉದ್ಧಟತನವೆನಿಸುತ್ತಿದ್ದಿತು. ಅವರ ಜನನದ ದಾಖಲೆ ಕೊನೆಗೆ ಸಿಕ್ಕಿದುದು ಒಡೆಯ ಆರನ್ ಆಂಟನಿಯ ಲೆಕ್ಕದ ಪುಸ್ತಕದಲ್ಲಿ. ಅಲ್ಲಿರುವುದು 1818, ಫೆಬ್ರವರಿ ಎಂದಷ್ಟೆ. ದಿನವನ್ನು ಬರೆಯುವ ಅಗತ್ಯ ಅವನಿಗೆ ತೋರಿರಲಿಲ್ಲ. ಹದಿನಾಲ್ಕನೆಯ ತಾರೀಖು ಡಗ್ಲಸ್ಸರೇ ಆರಿಸಿಕೊಂಡುದು. ಅದು ವ್ಯಾಲೆಂಟೈನನ ಹಬ್ಬದ ದಿನ. ತಾಯಿ ತಮ್ಮನ್ನು ಮುದ್ದಿನಿಂದ ಆ ಹೆಸರಿಟ್ಟು ಕರೆದಿದ್ದಳೆಂಬ ನೆನಪೊಂದೇ ಅದಕ್ಕೆ ಕಾರಣ.

ಇಂತಹ ಜನ ತಮ್ಮದೇ ಒಂದು ಪಂಚಾಂಗವನ್ನು ಕಟ್ಟಿಕೊಂಡುದು ಸಾಮಾನ್ಯ ಸಂಗತಿಯಲ್ಲ. ಅದರಲ್ಲಿ ಮುಖ್ಯ ಪಾತ್ರ ಕಾರ್ಟರ್ ವುಡ್ಸನ್ನರದು. 1875ರಲ್ಲಿ ಹುಟ್ಟಿದ ವುಡ್ಸನ್ನರ ತಂದೆತಾಯಿಗಳಿಬ್ಬರೂ ಗುಲಾಮಗಿರಿಯನ್ನು ಕಂಡವರು. ಕಲ್ಲಿದ್ದಲಿನ ಗಣಿಯಲ್ಲಿ ದುಡಿದು, ಇಪ್ಪತ್ತರ ವಯಸ್ಸಿನಲ್ಲಿ ಪ್ರೌಢಶಾಲೆಯನ್ನು ಸೇರಿ, 1912ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಿಂದ ಇತಿಹಾಸದಲ್ಲಿ ಡಾಕ್ಟರೇಟ್ ಪಡೆದರು. 1915ರಲ್ಲಿ ಷಿಕಾಗೋ ನಗರದಲ್ಲಿ ಕರಿಯರ ಜೀವನ ಮತ್ತು ಚರಿತ್ರೆಯ ಅಧ್ಯಯನಕ್ಕಾಗಿ ಸಂಘವೊಂದನ್ನು ಸ್ಥಾಪಿಸಿ, ಮರುವರ್ಷವೇ ಸಂಶೋಧನ ತ್ರೈಮಾಸಿಕವೊಂದನ್ನು ಹೊರಡಿಸಿದರು. ಆದರೆ ವಿದ್ವಾಂಸರ ತ್ರೈಮಾಸಿಕ ಎಷ್ಟು ಮನೆಗಳನ್ನು ಮುಟ್ಟೀತು? 1926ರ ಫೆಬ್ರವರಿಯಲ್ಲಿ ಅವರು ‘ನೀಗ್ರೋ ಚರಿತ್ರೆಯ ಸಪ್ತಾಹ’ವನ್ನು ಆರಂಭಿಸಿದುದು ಈ ಕೊರತೆಯನ್ನು ನೀಗಲು. (ಆ ಕಾಲದಲ್ಲಿ ಆ ಜನರೇ ಅಭಿಮಾನದಿಂದ ಬಳಸುತ್ತಿದ್ದ ‘ನೀಗ್ರೋ’ ಎಂಬ ಹೆಸರು ಈಗ ಬಿಟ್ಟುಹೋಗಿದೆ.) ಲಿಂಕನ್ನರ ಜನ್ಮದಿನವಾದ ಫೆಬ್ರವರಿ 12ನ್ನೂ ಡಗ್ಲಸ್ಸರ ದಿನವನ್ನೂ ಕರಿಯರು ಅದಾಗಲೇ ಆಚರಿಸುತ್ತಿದ್ದುದರಿಂದ ಆ ವಾರವನ್ನೇ ಹಿಡಿದರು. ಆದರೂ ಇಬ್ಬರು ಮಹಾಪುರುಷರ ಪೂಜೆ ಅವರ ಉದ್ದೇಶವಾಗಿರಲಿಲ್ಲ. ಒಂದು ಜನಾಂಗವು ಲೋಕದ ಇತಿಹಾಸಕ್ಕೆ ಸಲ್ಲಿಸಿದ ಸೇವೆ ಶಾಲೆಯ ಮಕ್ಕಳಿಗೆ ತಿಳಿಯಬೇಕೆಂಬುದು ಅವರ ಹಟವಾಗಿತ್ತು. ಈ ಸಪ್ತಾಹವೇ 1976ರಲ್ಲಿ ಇಡೀ ಮಾಸದ ಆಚರಣೆಯಾಯಿತು. ಅದನ್ನು ನೋಡಲು ವುಡ್ಸನ್ನರು ಇರಲಿಲ್ಲ, 1950ರಲ್ಲಿಯೇ ಗತಿಸಿದ್ದರು.

ಈ ಪಂಚಾಂಗದಲ್ಲಿ ಒಂದೇ ತಾರೀಖಿಗೆ ಎರಡು ಮುಖಗಳಿರುವುದುಂಟು. ಜನವರಿ 1 ಅಂತಹುದು. ದಕ್ಷಿಣದ ಸಂಸ್ಥಾನಗಳಲ್ಲಿ ವರ್ಷದ ಮೊದಲ ದಿನವೆಂದರೆ ಗುಲಾಮರನ್ನು ವರ್ಷದ ಗುತ್ತಿಗೆಗೆ ಬೇರೆಯವರಿಗೆ ಒಪ್ಪಿಸುವ ದಿನ. ತಾಯಿ ಮಕ್ಕಳು ಅಗಲುವ ದಿನ. 1863ರಲ್ಲಿ ಅದೇ ತಾರೀಖಿನಂದು ಲಿಂಕನ್ನರ ವಿಮೋಚನ ಘೋಷಣೆ ಜಾರಿಗೆ ಬಂದಿತು. ಹಿಂದಿನ ರಾತ್ರಿ ಇಗರ್ಜಿಗಳಲ್ಲಿ ಕುಳಿತು ಜಾಗರಣೆ ಮಾಡಿದವರ ನೆನಪಿಗೆ ಡಿಸೆಂಬರ್ 31ರ ಪ್ರಾರ್ಥನೆ ಇಂದಿಗೂ ನಡೆಯುತ್ತದೆ. ಘೋಷಣೆಯಾದರೋ ದಂಗೆಯೆದ್ದ ಸಂಸ್ಥಾನಗಳಿಗೆ ಮಾತ್ರ ಅನ್ವಯಿಸುತ್ತಿದ್ದಿತು. ಅಲ್ಲಿಯೂ ಸೈನ್ಯ ಕಾಲಿಟ್ಟಲ್ಲದೆ ಅದಕ್ಕೆ ಬೆಲೆಯಿರಲಿಲ್ಲ. ದೂರದ ಟೆಕ್ಸಸ್ಸಿಗೆ ಒಡೆಯರು ತಮ್ಮ ಗುಲಾಮರನ್ನು ಸುರಕ್ಷಿತ ಸ್ಥಳವೆಂದು ಸಾಗಿಸಿಕೊಂಡು ಹೋದುದೂ ಉಂಟು. ಅಲ್ಲಿನ ಗಾಲ್ವೆಸ್ಟನ್ ಬಂದರಿನಲ್ಲಿ ಸೇನಾಪತಿ ಗಾರ್ಡನ್ ಗ್ರೇಂಜರನು ಬಿಡುಗಡೆಯ ಆಜ್ಞೆಯನ್ನು ಹೊರಡಿಸಿದುದು 1865ರ ಜೂನ್ 19ರಂದು. ಎರಡೂವರೆ ವರ್ಷ ತಡವಾಗಿ. ಆ ಆಜ್ಞೆಯಲ್ಲಿಯೂ, ಈಗಿರುವ ಮನೆಗಳಲ್ಲಿಯೇ ಸದ್ದಿಲ್ಲದೆ ಉಳಿದು ಕೂಲಿಗೆ ದುಡಿಯಿರಿ ಎಂಬ ಬುದ್ಧಿವಾದವಿತ್ತು.

ಬಿಡುಗಡೆಯಾದವರು ತಮ್ಮ ಹಬ್ಬಕ್ಕೆ ಆರಿಸಿಕೊಂಡುದು ವಾಷಿಂಗ್‌ಟನ್ನಿನಲ್ಲಿ ರುಜುವಾದ ದಿನವನ್ನಲ್ಲ, ಸುದ್ದಿ ತಮ್ಮನ್ನು ಮುಟ್ಟಿದ ದಿನವನ್ನು. ಈ ಆಯ್ಕೆಯಲ್ಲಿ ಚರಿತ್ರಕಾರರು ಕಲಿಯಬೇಕಾದುದಿದೆ. ಹ್ಯೂಸ್ಟನ್ನಿನ ಕರಿಯರು 1872ರಲ್ಲಿ ಹಣ ಕೂಡಿಸಿ, ಈ ಆಚರಣೆಗೆಂದೇ ಹತ್ತು ಎಕರೆ ಭೂಮಿಯನ್ನು ಕೊಂಡುಕೊಂಡರು. ಮುಂದೆ ಹೊಟ್ಟೆಪಾಡಿಗಾಗಿ ಟೆಕ್ಸಸ್ಸಿನಿಂದ ಕ್ಯಾಲಿಫೋರ್ನಿಯಕ್ಕೆ ವಲಸೆಹೋದವರು ಹಬ್ಬವನ್ನೂ ಜೊತೆಗೆ ಕೊಂಡೊಯ್ದರು. ರಾಷ್ಟ್ರವು ಅದನ್ನು ರಜಾದಿನವಾಗಿ ಅಂಗೀಕರಿಸಿದುದು 2021ರಲ್ಲಿ.

ದಿನಕ್ಕೊಂದು ಘಟನೆಯೆಂಬ ಕ್ರಮದಲ್ಲಿ ದೋಷವೂ ಇಲ್ಲದಿಲ್ಲ. ಆಗಸ್ಟ್ 28ರ ಪುಟವನ್ನು ತೆರೆದರೆ, 1955ರಲ್ಲಿ ಮಿಸಿಸಿಪಿಯಲ್ಲಿ ಹದಿನಾಲ್ಕು ವರ್ಷದ ಎಮೆಟ್ ಟಿಲ್ ಎಂಬ ಬಾಲಕನ ಕೊಲೆ. 1963ರಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಜನ ಸೇರಿದ ವಾಷಿಂಗ್‌ಟನ್ ನಡಿಗೆ. ಇನ್ನೂ ಹಿಂದೆ, 1833ರಲ್ಲಿ ಬ್ರಿಟಿಷ್ ವಸಾಹತುಗಳ ದಾಸ್ಯನಿರ್ಮೂಲನ ಶಾಸನಕ್ಕೆ ದೊರೆತ ರಾಜಮುದ್ರೆ. ಆ ಶಾಸನದ ಮೇರೆಗೆ ಎರಡು ಕೋಟಿ ಪೌಂಡು ಪರಿಹಾರ ಸಂದುದು ಒಡೆಯರಿಗೆ. ಈಸ್ಟ್ ಇಂಡಿಯಾ ಕಂಪನಿಯ ಸೀಮೆಗೆ ಅದು ಅನ್ವಯಿಸಲೇ ಇಲ್ಲ. ಭಾರತವು 1843ರ ಐದನೆಯ ಕಾಯಿದೆಯವರೆಗೆ ಕಾಯಬೇಕಾಯಿತು. ಇವೆಲ್ಲ ಒಂದೇ ಹಾಳೆಯ ಮೇಲೆ ಒಂದೊಂದು ಸಾಲಾಗಿ ನಿಂತಾಗ ಯಾವುದರಿಂದ ಯಾವುದಾಯಿತೆಂಬುದು ಕಾಣದೆ ಹೋಗುತ್ತದೆ.

ಇದಕ್ಕಿಂತ ದೊಡ್ಡ ದೋಷ ತಾರೀಖಿನ ಆಯ್ಕೆಯಲ್ಲಿದೆ. ಅಲಬಾಮದ ಮಾಂಟ್‌ಗೊಮರಿ ನಗರದಲ್ಲಿ ರೋಸಾ ಪಾರ್ಕ್ಸ್ ಬಸ್ಸಿನ ಆಸನವನ್ನು ಬಿಟ್ಟುಕೊಡಲೊಲ್ಲದೆ ಬಂಧಿತರಾದ 1955ರ ಡಿಸೆಂಬರ್ 1 ಎಲ್ಲರಿಗೂ ಗೊತ್ತು. ಅದೇ ವರ್ಷದ ಮಾರ್ಚ್ 2ರಂದು, ಅದೇ ನಗರದಲ್ಲಿ, ಅದೇ ಕಾರಣಕ್ಕೆ ಬಂಧಿತಳಾದ ಕ್ಲಾಡೆಟ್ ಕಾಲ್ವಿನ್ ಎಂಬ ಹದಿನೈದರ ವಿದ್ಯಾರ್ಥಿನಿಯ ಹೆಸರು ಬಹುಕಾಲ ಯಾವ ದಿನದರ್ಶಿಕೆಗೂ ಏರಲಿಲ್ಲ. ಎಳೆಯ ವಯಸ್ಸು, ಬಡತನ, ಆಮೇಲೆ ಮದುವೆಯಾಗದೆ ಗರ್ಭಿಣಿಯಾದುದು. ಇಂಥವಳನ್ನು ಮುಂದಿಟ್ಟುಕೊಂಡು ಹೋರಾಡಲು ಹಿರಿಯರು ಹಿಂಜರಿದರು. ಆದರೂ ಬಸ್ಸುಗಳಲ್ಲಿನ ವರ್ಣಭೇದವನ್ನು 1956ರಲ್ಲಿ ಕೊನೆಗಾಣಿಸಿದ ಮೊಕದ್ದಮೆಯಲ್ಲಿ ವಾದಿಗಳಾಗಿದ್ದ ಸ್ತ್ರೀಯರಲ್ಲಿ ಕಾಲ್ವಿನ್ ಒಬ್ಬರು, ಪಾರ್ಕ್ಸ್ ಅದರಲ್ಲಿರಲಿಲ್ಲ.

ಮಾರ್ಚ್ 2ಕ್ಕೆ ಹಿಂದಿನ ತಿಂಗಳು ಫೆಬ್ರವರಿ. ಕಾಲ್ವಿನ್ನರ ಶಾಲೆಯಲ್ಲಿ ಆಗ ಕರಿಯರ ಚರಿತ್ರೆಯ ಪಾಠ ನಡೆದಿತ್ತು. ಏಳು ಎಂದು ಗದರಿದಾಗ ಒಂದು ಭುಜವನ್ನು ಹ್ಯಾರಿಯಟ್ ಟಬ್ಮನ್, ಇನ್ನೊಂದನ್ನು ಸೋಜರ್ನರ್ ಟ್ರೂತ್ ಒತ್ತಿ ಹಿಡಿದು ಕೂರಿಸಿದಂತಾಯಿತೆಂದು ಅವರು ಮುಂದೆ ಹೇಳಿದರು. ಇಬ್ಬರೂ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಹೆಂಗಸರು. ಬಾಲಾಪರಾಧಿಯೆಂದು ಅಂದು ದಾಖಲಾದ ಅವರ ಹೆಸರನ್ನು ನ್ಯಾಯಾಲಯವು ತನ್ನ ಕಡತದಿಂದ ಅಳಿಸಿದುದು 2021ರಲ್ಲಿ.