ಶರಾವತಿಯ ಸೀಮೆಯಲ್ಲಿ ನಾಲ್ಕು ದಿನ

ರಜೆಯ ದಿನಗಳು ಸಮೀಪಿಸಿದೊಡನೆ ಗೃಹಸ್ಥರ ಮನೆಗಳಲ್ಲಿ ಎರಡು ಬಗೆಯ ಅಪೇಕ್ಷೆಗಳು ತಲೆದೋರುವುದು ವಾಡಿಕೆ. ಮಕ್ಕಳಿಗೆ ಬೆಟ್ಟ, ಹೊಳೆ, ಕಾಡುಗಳನ್ನು ಕಾಣುವ ಆಸೆ. ಹಿರಿಯರಿಗೆ ಬಂಧುಬಳಗದವರ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬರುವ ಆಸೆ. ಇವೆರಡೂ ಒಂದೇ ಹಾದಿಯಲ್ಲಿ ಈಡೇರುವುದಾದರೆ ಅದು ಭಾಗ್ಯವೆಂದೇ ತಿಳಿಯಬೇಕು. ವಸತಿಗೃಹದಲ್ಲಿ ತಂಗಿ ನೋಡಿದ ಊರು ಕಣ್ಣಿಗೆ ಪರಿಚಯವಾಗುತ್ತದೆ. ನೆಂಟರ ಮನೆಯ ಜಗುಲಿಯಲ್ಲಿ ಕುಳಿತು ನೋಡಿದ ಊರು ತನ್ನ ಸುಖದುಃಖಗಳನ್ನೂ ಹೇಳಿಕೊಳ್ಳುತ್ತದೆ. 2025ರ ದಸರಾ ರಜೆಯಲ್ಲಿ ಸಾಗರ ಸೀಮೆಗೆ ನಾವು ಕೈಗೊಂಡ ಪ್ರವಾಸವು ಇಂಥದೇ ಒಂದು ಅನುಭವವನ್ನು ನಮ್ಮ ಕುಟುಂಬಕ್ಕೆ ದೊರಕಿಸಿಕೊಟ್ಟಿತು.

ಬಯಲಿನಿಂದ ಮಲೆನಾಡಿಗೆ

ನಾವು ಹಾವೇರಿಯ ಕಡೆಯವರು. ಹಿರಿಯ ಮಗಳನ್ನು ಸಾಗರ ತಾಲ್ಲೂಕಿಗೆ ಕೊಟ್ಟಿದ್ದೇವೆ. ‘ದಸರೆಗೆ ಎಲ್ಲರೂ ಬರಲೇಬೇಕು’ ಎಂದು ಬೀಗರು ಹೇಳಿಕಳುಹಿಸಿದ್ದರಿಂದ ವೃದ್ಧ ತಾಯಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳನ್ನು ಕೂಡಿಕೊಂಡು ನಸುಕಿನಲ್ಲಿಯೇ ಹೊರಟೆವು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಬೀಗರ ಮನೆಗೆಂದು ಶೇಂಗಾ ಹೋಳಿಗೆ, ಹೀಗೆ ಬುತ್ತಿಯ ಗಂಟುಗಳೇ ಗಾಡಿಯ ಅರ್ಧಭಾಗವನ್ನು ಆಕ್ರಮಿಸಿಕೊಂಡಿದ್ದವು.

ಹಾವೇರಿಯಿಂದ ಹಾನಗಲ್ಲು, ಶಿರಸಿ, ಸಿದ್ದಾಪುರಗಳ ಮೂಲಕ ಜೋಗಕ್ಕೆ ಹೋಗುವ ಈ ಹಾದಿಯು ನಾಡಿನ ಎರಡು ಮುಖಗಳನ್ನು ಅರ್ಧ ದಿನದಲ್ಲಿ ತೋರಿಸಿಬಿಡುತ್ತದೆ. ಮೊದಲು ಗೋವಿನಜೋಳದ ಹೊಲಗಳು, ಹತ್ತಿಯ ಎರೆಭೂಮಿ, ದೂರದವರೆಗೂ ತಡೆಯಿಲ್ಲದ ಆಕಾಶ. ಹಾನಗಲ್ಲನ್ನು ದಾಟಿದಂತೆ ಭತ್ತದ ಗದ್ದೆಗಳು, ಕೆರೆಗಳು, ಮಾವಿನ ತೋಪುಗಳು. ಶಿರಸಿಯ ಕಡೆಗೆ ಸಾಗಿದಂತೆ ಮಣ್ಣು ಕೆಂಪಾಗುತ್ತದೆ, ಮನೆಗಳಿಗೆ ಹೆಂಚಿನ ಇಳಿಜಾರು ಮಾಡು ಬರುತ್ತದೆ, ರಸ್ತೆಯ ಎರಡೂ ಬದಿಗಳಲ್ಲಿ ಮರಗಳು ಒತ್ತರಿಸಿಕೊಂಡು ನಿಲ್ಲುತ್ತವೆ. ಕಣಿವೆಯ ತಗ್ಗಿನಲ್ಲಿ ಅಡಿಕೆಯ ತೋಟಗಳು, ಅಡಿಕೆ ಮರವನ್ನು ತಬ್ಬಿ ಏರಿದ ಮೆಣಸಿನ ಬಳ್ಳಿ, ನೆರಳಿನಲ್ಲಿ ಏಲಕ್ಕಿ. “ಅಜ್ಜಾ, ಇಲ್ಲಿ ಆಕಾಶ ಎಲ್ಲಿ ಹೋಯಿತು?” ಎಂದು ಕಿರಿಯ ಮೊಮ್ಮಗಳು ಕೇಳಿದಾಗ ನಮಗೂ ಮೇಲೆ ನೋಡಬೇಕೆನಿಸಿತು. ಎಲೆಗಳ ನಡುವೆ ತುಣುಕು ತುಣುಕಾಗಿ ಮಾತ್ರ ಅದು ಕಾಣಿಸುತ್ತಿತ್ತು.

ನಾಲ್ಕು ಕವಲಿನ ಧುಮುಕು

ತೀರ್ಥಹಳ್ಳಿಯ ಬಳಿಯ ಅಂಬುತೀರ್ಥದಲ್ಲಿ ಶರಾವತಿಯು ಹುಟ್ಟುತ್ತಾಳೆ. ಶ್ರೀರಾಮನು ಶರದಿಂದ ನೆಲವನ್ನು ಭೇದಿಸಿ ನೀರು ತೆಗೆದನೆಂಬುದು ಅಲ್ಲಿನ ಸ್ಥಳಪುರಾಣ. ಅಂಬು, ಶರ ಎಂಬ ಹೆಸರುಗಳು ಅದರಿಂದಲೇ ಬಂದುವೆನ್ನುತ್ತಾರೆ. ಸುಮಾರು 128 ಕಿಲೋಮೀಟರು ಹರಿದು ಹೊನ್ನಾವರದಲ್ಲಿ ಕಡಲನ್ನು ಸೇರುವ ಈ ನದಿ, ಘಟ್ಟದ ಅಂಚಿಗೆ ಬಂದು 830 ಅಡಿಗಳಷ್ಟು, ಎಂದರೆ 253 ಮೀಟರುಗಳಷ್ಟು ಆಳಕ್ಕೆ ಧುಮುಕುವ ತಾಣವೇ ಜೋಗ. ಗೇರುಸೊಪ್ಪೆ ಜಲಪಾತವೆಂಬುದು ಇದರ ಇನ್ನೊಂದು ಹೆಸರು.

ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳಿಗೂ ಪ್ರತ್ಯೇಕವಾದ ಗುಣವಿದೆ. ರಾಜನು ಬಂಡೆಯನ್ನು ಸೋಕದೆ ನೆಟ್ಟಗೆ ಇಳಿಯುತ್ತಾನೆ. ಆತನ ಗಾಂಭೀರ್ಯಕ್ಕೆ ಆ ಹೆಸರು ಒಪ್ಪುತ್ತದೆ. ರೋರರ್ ಬಂಡೆಗಳ ನಡುವೆ ಅಬ್ಬರಿಸುತ್ತ ಬಂದು ರಾಜನ ಕಡೆಗೆ ಹೊರಳುತ್ತದೆ. ರಾಕೆಟ್ ಬಾಣದಂತೆ ಚಿಮ್ಮಿ ಚಿಮ್ಮಿ ಹಾರುತ್ತದೆ. ರಾಣಿಯೋ ಬಂಡೆಯ ಮೈಮೇಲೆ ನೊರೆಯ ಸೆರಗನ್ನು ಹಾಸಿಕೊಂಡು ನಿಧಾನವಾಗಿ ಜಾರುತ್ತಾಳೆ.

ನಾವು ತಲಪಿದಾಗ ಕಣಿವೆಯ ತುಂಬ ಮಂಜು ಕವಿದು ಏನೊಂದೂ ಗೋಚರಿಸಲಿಲ್ಲ. ಭೋರ್ಗರೆತ ಮಾತ್ರ ಕೇಳುತ್ತಿತ್ತು. ಮಕ್ಕಳು ನಿರಾಶರಾದರು. ಕಾಲು ಗಂಟೆಯ ಮೇಲೆ ಗಾಳಿ ಬೀಸಿ ಮಂಜು ಮೆಲ್ಲಗೆ ಬದಿಗೆ ಸರಿದಾಗ ಮೊದಲು ರಾಣಿ, ಬಳಿಕ ಉಳಿದ ಮೂವರು ಒಬ್ಬೊಬ್ಬರಾಗಿ ಕಾಣಿಸಿಕೊಂಡರು. ಎಂಬತ್ತು ದಾಟಿದ ನಮ್ಮ ತಾಯಿಯವರು ಕೈ ಜೋಡಿಸಿ ನಿಂತುಬಿಟ್ಟರು. ಮಾತನಾಡಲಿಲ್ಲ. ಐದೇ ನಿಮಿಷಗಳಲ್ಲಿ ಮತ್ತೆ ಮಂಜು ಮುಸುಕಿತು. ಅಲ್ಲಿ ಎರಡು ಗಂಟೆಗಳ ಕಾಲ ಕುಳಿತವರಿಗೆ ನಾಲ್ಕೈದು ಬಾರಿ ದರ್ಶನವಾಗುತ್ತದೆ. ಬಂದೊಡನೆ ಚಿತ್ರ ತೆಗೆದು ಹೊರಡುವವರಿಗೆ ಬರಿಯ ಬಿಳುಪು ಲಭಿಸುತ್ತದೆ.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಈ ಹೊಳೆಯ ಒಂದು ದಡ ಮೈಸೂರು ರಾಜ್ಯದ್ದು, ಇನ್ನೊಂದು ದಡ ಮುಂಬಯಿ ಪ್ರಾಂತದ್ದು. ನಮ್ಮ ತಾಯಿಯವರ ಬಾಲ್ಯದಲ್ಲಿ ಹಾವೇರಿಯೂ ಮುಂಬಯಿಗೆ ಸೇರಿತ್ತು. “ಹಂಗಾದ್ರ ಆ ದಂಡಿ ನಮ್ದು, ಈ ದಂಡಿ ಬೀಗರದು” ಎಂದು ಅವರು ನಗೆಯಾಡಿದರು.

ನೀರು ಹಿಡಿದ ಬೇರೆ ಹಾದಿ

ಜೋಗವನ್ನು ಬೇಸಗೆಯಲ್ಲಿ ನೋಡಿದವರು ‘ನಾಲ್ಕು ಎಳೆ ನೂಲಿನಂತೆ ನೀರು ಇಳಿಯುತ್ತಿತ್ತು’ ಎಂದು ಬೇಸರಿಸುವುದುಂಟು. ಇದರ ಕಾರಣವನ್ನು ಮಕ್ಕಳಿಗೆ ಸ್ಥಳದಲ್ಲಿಯೇ ತಿಳಿಸಿಕೊಡುವುದು ಒಳಿತು. ಜಲಪಾತಕ್ಕೆ ಕೆಲವೇ ಕಿಲೋಮೀಟರು ಮೇಲೆ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಇದೆ. ಸಮುದ್ರಮಟ್ಟದಿಂದ 1819 ಅಡಿ ಅದರ ಗರಿಷ್ಠ ಮಟ್ಟ. ಸುಮಾರು 151 ಟಿಎಂಸಿ ನೀರು ಅದರಲ್ಲಿ ಹಿಡಿಯುತ್ತದೆ. ಅಲ್ಲಿಂದ ಹೊರಟ ನೀರಿನ ಬಹುಭಾಗವು ತಳಕಳಲೆಯ ಜಲಾಶಯಕ್ಕೆ ಬಂದು, ದೊಡ್ಡ ಕೊಳವೆಗಳಲ್ಲಿ ಇಳಿದು, ಹತ್ತು ಯಂತ್ರಗಳಿಂದ 1035 ಮೆಗಾವಾಟ್ ವಿದ್ಯುತ್ತನ್ನು ಉತ್ಪಾದಿಸಬಲ್ಲ ಶರಾವತಿ ವಿದ್ಯುದಾಗಾರವನ್ನು ಸೇರುತ್ತದೆ. ಇದಕ್ಕೂ ಮೊದಲು, 1948ರಲ್ಲಿ, ಜೋಗದ ಕಣಿವೆಯಲ್ಲಿಯೇ ಒಂದು ವಿದ್ಯುದಾಗಾರ ಕೆಲಸ ಆರಂಭಿಸಿತ್ತು. ಮಹಾತ್ಮಾ ಗಾಂಧಿಯವರ ಹೆಸರಿನಲ್ಲಿ ಅದು ಇಂದಿಗೂ ನಡೆಯುತ್ತಿದೆ.

ಹೀಗೆ, ನಮ್ಮ ಮನೆಯ ದೀಪವನ್ನು ಬೆಳಗಿದ ನೀರು ಜೋಗದ ಬಂಡೆಯ ಮೇಲಿಂದ ಧುಮುಕಿದ ನೀರಲ್ಲ. ಅದು ಕೊಳವೆಯ ಕತ್ತಲೆಯಲ್ಲಿ ಇಳಿದ ನೀರು. ಮಳೆಗಾಲದ ಹಳ್ಳಗಳ ನೀರು ಬಂದಾಗ, ಜಲಾಶಯ ತುಂಬಿ ಬಾಗಿಲು ತೆರೆದಾಗ ಜೋಗವು ತನ್ನ ಹಳೆಯ ವೈಭವವನ್ನು ಪಡೆಯುತ್ತದೆ. ಎಂಟನೆಯ ತರಗತಿಯ ಮೊಮ್ಮಗನು ಇದನ್ನೆಲ್ಲ ಕೇಳಿ, “ಹಾಗಾದರೆ ಇಷ್ಟೊಂದು ನೀರು ನಿಂತಿರುವ ಜಾಗದಲ್ಲಿ ಮೊದಲು ಏನಿತ್ತು?” ಎಂದು ಕೇಳಿದನು. ಉತ್ತರವನ್ನು ಹೇಳತಕ್ಕವರು ನಮ್ಮ ಬೀಗರೇ ಆಗಿದ್ದರು.

ಹಿನ್ನೀರಿನ ಎದುರಿನಲ್ಲಿ

ಮರುದಿನ ಬೀಗರು ನಮ್ಮನ್ನು ಸಿಗಂದೂರಿನ ಹಾದಿಯಲ್ಲಿ ಕರೆದೊಯ್ದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಲಿಂಗನಮಕ್ಕಿಯ ಹಿನ್ನೀರಿನ ಮೇಲೆ ಕಟ್ಟಿದ, ಎರಡು ಕಿಲೋಮೀಟರಿಗೂ ಮಿಗಿಲಾದ ಸೇತುವೆಯು 2025ರ ಜುಲೈ ತಿಂಗಳಲ್ಲಿ ಸಂಚಾರಕ್ಕೆ ತೆರೆದಿದೆ. ಅದಕ್ಕೂ ಮೊದಲು ಅಲ್ಲಿ ಬಸ್ಸು, ಕಾರು, ಜನ ಎಲ್ಲವನ್ನೂ ಲಾಂಚಿನಲ್ಲಿ ದಾಟಿಸುತ್ತಿದ್ದರು. ತುಮರಿಯ ಸುತ್ತಲ ಹಳ್ಳಿಗಳವರಿಗೆ ಆಸ್ಪತ್ರೆ, ಕಾಲೇಜು, ಕಚೇರಿ ಯಾವುದಕ್ಕೂ ಹತ್ತಿರದ ದಾರಿ ಅದೊಂದೇ. ಸಂಜೆಯ ಕೊನೆಯ ಲಾಂಚು ಹೊರಟಮೇಲೆ ಕಾಯಿಲೆಯವರಿಗೂ ಬೆಳಗನ್ನು ಕಾಯದೆ ಗತ್ಯಂತರವಿರಲಿಲ್ಲ. ಇಲ್ಲವಾದರೆ ಬಹುದೂರ ಸುತ್ತಿಕೊಂಡು ಹೋಗಬೇಕಾಗಿತ್ತು.

ದಂಡೆಯ ಮೇಲೆ ನಿಂತರೆ ಕಣ್ಣು ಹಾಯುವವರೆಗೂ ನೀಲಿ ನೀರು, ನಡುನಡುವೆ ಹಸಿರು ಗುಡ್ಡಗಳ ತಲೆಗಳು, ಆಚೆ ಸಹ್ಯಾದ್ರಿಯ ಸಾಲು. ಕಾಶ್ಮೀರದ ಚಿತ್ರಪಟದಂತಿದೆ ಎಂದು ಸೊಸೆ ಉದ್ಗರಿಸಿದಳು. ಬೀಗರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೈ ನೀಡಿ ತೋರಿಸಿದರು. “ಆ ನಡುಗಡ್ಡೆ ಕಾಣುತ್ತದಲ್ಲ ಬೀಗರೇ, ಅದು ನಮ್ಮ ಊರಿನ ಗುಡ್ಡ. ದನ ಕಾಯಲು ಅದರ ಮೇಲೆ ಹೋಗುತ್ತಿದ್ದೆವು. ನಮ್ಮ ಮನೆ, ಗದ್ದೆ ಎಲ್ಲ ಅದರ ಬುಡದಲ್ಲಿದ್ದವು.”

ಆಗ ಅವರಿಗೆ ಹತ್ತು ವರ್ಷ. ನೀರು ಬರುತ್ತದೆಂದು ಹೇಳಿದಾಗ ಊರಿನವರಲ್ಲಿ ಅನೇಕರು ನಂಬಲಿಲ್ಲವಂತೆ. ನಂಬಿದವರು ಹೆಂಚು ಇಳಿಸಿದರು, ಕಂಬ, ತೊಲೆ, ಬಾಗಿಲುಗಳನ್ನು ಕಿತ್ತು ಎತ್ತಿನ ಗಾಡಿಗಳಲ್ಲಿ ಸಾಗಿಸಿದರು. ಬೀಗರ ತಂದೆಯವರು ಆ ವರ್ಷದ ಪೈರನ್ನು ಕೊಯ್ದುಕೊಂಡೇ ಹೋಗುವೆನೆಂದು ಹಟ ಹಿಡಿದಿದ್ದರಂತೆ. “ಗದ್ದೆಯ ಕೆಳಗಿನ ಮಡಿಗೆ ನೀರು ಬಂದ ದಿನ ಅಪ್ಪಯ್ಯ ಕುಡುಗೋಲು ಕೆಳಗಿಟ್ಟರು. ಅವರು ಅತ್ತದ್ದನ್ನು ನಾನು ನೋಡಿದ್ದು ಆ ಒಂದು ದಿನವೇ” ಎಂದು ಬೀಗರು ಹೇಳಿದರು. ಅಳಿಯನ ಮನೆಯ ಹೆಬ್ಬಾಗಿಲು ಹೊಸ ಗೋಡೆಗೆ ಹೊಂದದಷ್ಟು ದೊಡ್ಡದಾಗಿದೆ. ಅದು ಮುಳುಗಿದ ಮನೆಯಿಂದ ತಂದ ಬಾಗಿಲೆಂಬುದು ಆ ದಿನ ನಮ್ಮ ಮೊಮ್ಮಕ್ಕಳಿಗೂ ತಿಳಿಯಿತು.

ಜೋಗದ ಮೊದಲ ವಿದ್ಯುದಾಗಾರಕ್ಕಾಗಿ ಮಡೆನೂರಿನ ಬಳಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ಈ ನೀರಿನ ಅಡಿಯಲ್ಲಿಯೇ ಇದೆ. ಬೇಸಗೆಯಲ್ಲಿ ಮಟ್ಟವು ತೀರ ಇಳಿದಾಗ ಅದು ತಲೆಯೆತ್ತುತ್ತದೆ. ಜನ ತಂಡೋಪತಂಡವಾಗಿ ನೋಡಲು ಹೋಗುತ್ತಾರೆ. ಒಂದು ಅಣೆಕಟ್ಟು ಇನ್ನೊಂದರ ಹೊಟ್ಟೆಯಲ್ಲಿ ಅಡಗಿರುವ ಇಂಥ ದೃಶ್ಯ ವಿರಳ.

ಲೋಕೋಪಯೋಗಿ ಇಲಾಖೆಯ ನೌಕರರಾಗಿ ಈ ಯೋಜನೆಯನ್ನು ಸಮೀಪದಿಂದ ಕಂಡಿದ್ದ, ಸಾಗರದ ಸಾಹಿತಿ ದಿವಂಗತ ನಾ. ಡಿಸೋಜ ಅವರು ‘ಮುಳುಗಡೆ’, ‘ದ್ವೀಪ’ ಎಂಬ ಕಾದಂಬರಿಗಳಲ್ಲಿ ಈ ಜನರ ಬಾಳನ್ನು ಚಿತ್ರಿಸಿದ್ದಾರೆ. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರವಾಗಿಸಿದರು. ಈ ಸೀಮೆಗೆ ಬರುವ ಮುನ್ನ ಮನೆಮಂದಿಯೆಲ್ಲ ಕುಳಿತು ಅದನ್ನು ನೋಡಿ ಬರುವುದು ಉಚಿತ.

ನಾಡಿಗೆ ವಿದ್ಯುತ್ತು ಬೇಡವೆಂದು ಬೀಗರು ಹೇಳಲಿಲ್ಲ. “ದೀಪ ಎಲ್ಲರಿಗೂ ಬೇಕು. ಆದರೆ ನಮ್ಮವರಲ್ಲಿ ಎಷ್ಟೋ ಮಂದಿಗೆ, ಬದಲಿಗೆ ಉಳುತ್ತಿರುವ ಭೂಮಿಯ ಹಕ್ಕುಪತ್ರ ಇನ್ನೂ ಕೈಗೆ ಬಂದಿಲ್ಲ. ದೀಪ ಹಾಕುವಾಗ ಒಮ್ಮೆ ನೆನೆದರೆ ಸಾಕು” ಎಂದಷ್ಟೇ ನುಡಿದರು. ಈ ಕಣಿವೆಯಲ್ಲಿ 2000 ಮೆಗಾವಾಟಿನ ಹೊಸ ಭೂಗತ ಯೋಜನೆಯೊಂದರ ಕುರಿತು 2025ರಲ್ಲಿಯೂ ವಾದವಿವಾದ ನಡೆದಿದೆ. 2019ರಲ್ಲಿ ಘೋಷಿತವಾದ ಸಿಂಗಳೀಕಗಳ ಅಭಯಾರಣ್ಯವೂ ಇಲ್ಲಿಯೇ ಇದೆ. ಆದುದರಿಂದ ಬೀಗರ ಮಾತು ಹಳೆಯ ಕಾಲದ ಅಳಲೆಂದು ತಳ್ಳಿಹಾಕತಕ್ಕದ್ದಲ್ಲ.

ಇಕ್ಕೇರಿ ಮತ್ತು ಕೆಳದಿ

ಮೂರನೆಯ ದಿನವನ್ನು ಕೆಳದಿಯ ಅರಸರ ನೆಲೆಗಳಿಗೆ ಮೀಸಲಿಟ್ಟೆವು. ಎರಡೂ ಸಾಗರದಿಂದ ಕೆಲವೇ ಕಿಲೋಮೀಟರುಗಳ ದೂರದಲ್ಲಿವೆ. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಎದುರಿನ ಮಂಟಪದಲ್ಲಿ ಭವ್ಯವಾದ ನಂದಿ ಇದೆ. ಒಳಗೆ ನೆಲದ ಮೇಲೆ ದೀರ್ಘದಂಡ ನಮಸ್ಕಾರ ಮಾಡುತ್ತಿರುವ ಮೂವರ ಆಕೃತಿಗಳನ್ನು ಕಡೆಯಲಾಗಿದೆ. ಅವರು ನಾಯಕ ಅರಸರೆಂಬುದು ಪ್ರತೀತಿ. ಬರುವ ಭಕ್ತರು ತಮ್ಮ ಮೇಲೆ ಹೆಜ್ಜೆಯಿಟ್ಟು ಸಾಗಲೆಂಬ ಈ ವಿನಯ ನಮ್ಮ ಮನಸ್ಸಿಗೆ ತುಂಬ ಹಿಡಿಸಿತು. ಕೆಳದಿಯ ವೀರಭದ್ರ ದೇವಾಲಯದ ಛಾವಣಿಯಲ್ಲಿ ಕಡೆದ ಗಂಡಭೇರುಂಡವನ್ನು ಮಕ್ಕಳು ಕತ್ತು ನೋಯುವವರೆಗೂ ನೋಡಿದರು. ಛತ್ರಪತಿ ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ, ಔರಂಗಜೇಬನ ಸೈನ್ಯದ ಭಯವನ್ನು ಲೆಕ್ಕಿಸದೆ, ಆಶ್ರಯವಿತ್ತ ರಾಣಿ ಚೆನ್ನಮ್ಮಾಜಿ ಈ ಮನೆತನದವಳು. ಶರಣು ಬಂದವರನ್ನು ಕಾಯ್ದ ನೆಲ ಇದು ಎಂದು ಹೇಳುತ್ತಿರುವಾಗ, ನೆಲೆ ತಪ್ಪಿ ಬಂದವರಿಗೆ ನಾವು ಸಲ್ಲಿಸಬೇಕಾದುದು ಏನೆಂಬ ವಿಚಾರವೂ ಮನಸ್ಸಿನಲ್ಲಿ ಸುಳಿಯಿತು.

ಆ ರಾತ್ರಿ ಬೀಗಿತಿಯವರು ಅಕ್ಕಿರೊಟ್ಟಿ, ಕಡುಬು, ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿಗಳನ್ನು ಬಡಿಸಿದರು. ನಮ್ಮ ಕಡಕ್ ರೊಟ್ಟಿ ಅವರ ಮನೆಯ ಮಕ್ಕಳಿಗೆ ಹಪ್ಪಳದಂತೆ ಕಂಡಿತು!

ಹೋಗಬಯಸುವವರಿಗೆ

ತುಂಬಿದ ಜೋಗವನ್ನು ಕಾಣಬಯಸುವವರು ಆಷಾಢ, ಶ್ರಾವಣಗಳಲ್ಲಿ ಹೋಗಬೇಕು. ಮಳೆ ಮತ್ತು ಇಂಬಳಗಳ ಕಾಟವನ್ನು ಸಹಿಸಲಾರದವರಿಗೆ ದಸರೆಯ ಕಾಲ ಹಿತ. ಬೆಂಗಳೂರು, ಮೈಸೂರುಗಳಿಂದ ತಾಳಗುಪ್ಪದವರೆಗೆ ರೈಲು ಇದೆ. ಅಲ್ಲಿಂದ ಜೋಗ ಸಮೀಪ. ಜಲಪಾತದ ಬುಡಕ್ಕೆ ಇಳಿಯುವ ಮೆಟ್ಟಿಲುಗಳು ಸಾವಿರಕ್ಕೂ ಅಧಿಕ. ಇಳಿಯುವುದು ಸುಲಭ, ಏರುವುದು ಕಷ್ಟ; ವೃದ್ಧರೂ ಹೃದ್ರೋಗಿಗಳೂ ಮೇಲಿನಿಂದಲೇ ನೋಡಿ ತೃಪ್ತಿಪಡುವುದು ಕ್ಷೇಮ. ಹಿನ್ನೀರು ಶಾಂತವಾಗಿ ಕಂಡರೂ ದಂಡೆಯಿಂದ ನಾಲ್ಕು ಹೆಜ್ಜೆಗೆ ಆಳ ಬದಲಾಗುತ್ತದೆ. ಮಕ್ಕಳನ್ನು ನೀರಿಗೆ ಬಿಡಬಾರದು. ಪ್ಲಾಸ್ಟಿಕ್ ಚೀಲ, ಬಾಟಲಿಗಳನ್ನು ಕಾಡಿನಲ್ಲಿ ಎಸೆಯದೆ ಮರಳಿ ತರುವುದನ್ನು ಮಕ್ಕಳಿಗೆ ಅಭ್ಯಾಸ ಮಾಡಿಸಬೇಕು.

ಎಲ್ಲಕ್ಕೂ ಮಿಗಿಲಾಗಿ, ಹೋದಲ್ಲಿ ಆ ಊರಿನ ಹಿರಿಯರೊಬ್ಬರ ಬಳಿ ಅರ್ಧ ಗಂಟೆ ಕುಳಿತುಕೊಳ್ಳಬೇಕು. ನೆಂಟರಿದ್ದರೆ ಸರಿ, ಇಲ್ಲದಿದ್ದರೆ ಚಹಾದಂಗಡಿಯವರಾದರೂ ಆಗಬಹುದು. ‘ಇಲ್ಲಿ ಮೊದಲು ಏನಿತ್ತು?’ ಎಂಬ ಪ್ರಶ್ನೆಯನ್ನು ಮಕ್ಕಳೇ ಕೇಳಲಿ. ಸೊಬಗನ್ನು ಕಂಡು ಸಂತೋಷಪಡುವುದರ ಜೊತೆಗೆ, ಆ ಸೊಬಗಿಗೂ ನಮ್ಮ ಸೌಖ್ಯಕ್ಕೂ ಯಾರು ಏನನ್ನು ತೆತ್ತರೆಂಬುದನ್ನು ತಿಳಿದು ಬಂದ ಮಗು, ಶಾಲೆಯ ಒಂದು ವರ್ಷದ ಪಾಠವನ್ನು ನಾಲ್ಕು ದಿನಗಳಲ್ಲಿ ಕಲಿತಂತೆ.