ನಿಂತ ಮಾರುತಗಳ ಅಂಗಳದಲ್ಲಿ

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಚೂಪು ಮೂತಿಯ ವಿಮಾನವೊಂದಿದೆ. ಶಾಲಾ ಪ್ರವಾಸದಲ್ಲಿ ಬಂದು ಅದರ ಮುಂದೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡ ಸಾವಿರಾರು ಮಕ್ಕಳಲ್ಲಿ ನಾನೂ ಒಬ್ಬ. ಅದರ ಹೆಸರು ಎಚ್‌ಎಫ್–24 ಮಾರುತ್ ಎಂದು ಆಗ ಓದಿಕೊಂಡಿದ್ದೆ. ಇದೇ ಊರಿನಲ್ಲಿ ನಕ್ಷೆ ಬರೆಸಿಕೊಂಡು, ಇದೇ ಊರಿನ ಕೈಗಳಲ್ಲಿ ತಯಾರಾಗಿ, ಇದೇ ಊರಿನ ಆಕಾಶದಲ್ಲಿ ಮೊದಲ ಬಾರಿಗೆ ಹಾರಿದ ಜೆಟ್ ಯುದ್ಧವಿಮಾನ ಅದು ಎಂಬುದು ತಲೆಗೆ ಹೋಗಲು ಮಾತ್ರ ಬಹಳ ವರ್ಷ ಬೇಕಾಯಿತು. ಈ ಸಲ ಅದನ್ನೊಮ್ಮೆ ನೋಡಿಕೊಂಡು, ಅದರ ತವರಿನ ಕಡೆ ಬಸ್ಸು ಹತ್ತಿದೆ.

ದೊಮ್ಮಲೂರು, ಮುರುಗೇಶಪಾಳ್ಯ ದಾಟಿದರೆ ಎಡಕ್ಕೆ ಒಂದು ರಸ್ತೆ ಹೊರಳುತ್ತದೆ: ಸುರಂಜನ್ ದಾಸ್ ರಸ್ತೆ. ದಿನವೂ ಅಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುವ ಎಷ್ಟೋ ಜನರಿಗೆ ಈ ದಾಸ್ ಯಾರೆಂದು ಗೊತ್ತಿಲ್ಲ. 1961ರ ಜೂನ್ 17ರಂದು ಮಾರುತ್ ಮೊದಲ ಸಲ ನೆಲ ಬಿಟ್ಟಾಗ ಅದನ್ನು ಹಾರಿಸಿದ ಪರೀಕ್ಷಾ ಪೈಲಟ್ ಅವರು. 1970ರ ಜನವರಿ 10ರಂದು ಅದೇ ಮಾರುತ್‌ನ ಹೊಸ ಮಾದರಿಯೊಂದನ್ನು ಪರೀಕ್ಷಿಸುವಾಗ ವಿಮಾನ ಬಿದ್ದು ತೀರಿಕೊಂಡರು. ಆ ತಿರುವು ದಾಟಿ ಹಳೇ ವಿಮಾನ ನಿಲ್ದಾಣದ ಕಾಂಪೌಂಡಿನ ಪಕ್ಕದಲ್ಲೇ ಮುಂದೆ ಸಾಗಿದರೆ ಎಚ್‌ಎಎಲ್ ಪಾರಂಪರಿಕ ಕೇಂದ್ರ ಮತ್ತು ವೈಮಾನಿಕ ವಸ್ತುಸಂಗ್ರಹಾಲಯ ಸಿಗುತ್ತದೆ. 2001ರಲ್ಲಿ ಆರಂಭವಾದದ್ದು. ಇನ್ನೂ ಸ್ವಲ್ಪ ಮುಂದೆ ಹೋದರೆ ಮಾರತಹಳ್ಳಿ. ಮಾರುತ್‌ನಿಂದಲೇ ಆ ಊರಿಗೆ ಹೆಸರು ಬಂತು ಎನ್ನುವವರಿದ್ದಾರೆ. ಊರಿನ ಹೆಸರು ವಿಮಾನಕ್ಕಿಂತ ಹಳೆಯದೆಂದೇ ನನ್ನ ಎಣಿಕೆ. ಆದರೂ ಜನ ಹಾಗೆ ಹೇಳುತ್ತಾರಲ್ಲ, ಆ ಅಕ್ಕರೆ ನನಗೆ ಇಷ್ಟ.

ಒಳಗೆ ಎರಡು ಸಭಾಂಗಣಗಳು. ಒಂದರಲ್ಲಿ ಫೋಟೊಗಳು, ದಶಕದಿಂದ ದಶಕಕ್ಕೆ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆ ಸೇರಿ ಕಟ್ಟಿದ ಕಾರ್ಖಾನೆ ಎಚ್‌ಎಎಲ್. ವಿಮಾನಗಳ ಪುನರುಜ್ಜೀವನ ಎಂದರೆ ಪರದೇಶದ ಶ್ರೀಮಂತರ ಹವ್ಯಾಸ ಎಂದುಕೊಂಡವರು ಈ ಕಾರ್ಖಾನೆಯ ಒಂದು ಕಥೆ ಕೇಳಬೇಕು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕಾನ್ಪುರದ ಚಕೇರಿಯಲ್ಲಿ ಲಿಬರೇಟರ್ ಬಾಂಬರ್‌ಗಳ ದೊಡ್ಡ ರಾಶಿಯೇ ಉಳಿದಿತ್ತು. ಮತ್ತೆ ಯಾರೂ ಬಳಸಬಾರದೆಂದು ಅವುಗಳನ್ನು ಜಜ್ಜಿ ಕೆಡಿಸಿ ಹೋಗಿದ್ದರು. ಅವನ್ನೇ ಅಲ್ಲಿ ಹೇಗೋ ಹಾರುವಷ್ಟು ಸರಿಮಾಡಿ, ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದವರು ಪೈಲಟ್ ಜಮ್ಷೆಡ್ ಮುನ್ಶಿ. ಇಲ್ಲಿನ ಕಾರ್ಮಿಕರು ಅವನ್ನು ಬಿಚ್ಚಿ, ತಿದ್ದಿ, ಜೋಡಿಸಿ ವಾಯುಪಡೆಗೆ ಕೊಟ್ಟರು. 1968ರವರೆಗೆ ಅವು ಸೇವೆಯಲ್ಲಿದ್ದವು. ಲಂಡನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂನ ಸಂಗ್ರಹಕ್ಕೆ ಸೇರಿದ ಲಿಬರೇಟರ್ ಕೂಡ ಭಾರತದಿಂದ ಹೋದದ್ದೇ. ಗುಜರಿಯಿಂದ ವಿಮಾನ ಎಬ್ಬಿಸಿದ ಊರು ನಮ್ಮದು.

ಎರಡನೆಯ ಸಭಾಂಗಣ ಎಂಜಿನ್‌ಗಳದ್ದು. ಜೆಟ್ ಎಂಜಿನ್ನಿನ ಹೊಟ್ಟೆ ಸೀಳಿ ತೋರಿಸಿದರೆ ಅರ್ಥವಾಗುವುದು ಸುಲಭ. ಮುಂದೆ ಗಾಳಿಯನ್ನು ಒತ್ತುವ ಅಲಗುಗಳ ಸಾಲು, ನಡುವೆ ಇಂಧನ ಉರಿಯುವ ಕೋಣೆಗಳು, ಹಿಂದೆ ಆ ಬಿಸಿಗಾಳಿಗೆ ತಿರುಗುವ ಟರ್ಬೈನು. ಆರ್ಫಿಯಸ್ ಎಂಬ ಹೆಸರು ನೆನಪಿಡಬೇಕಾದದ್ದು. 1965ರ ಯುದ್ಧದಲ್ಲಿ ಹೆಸರು ಮಾಡಿದ ಪುಟಾಣಿ ನ್ಯಾಟ್, ಅದನ್ನೇ ಸುಧಾರಿಸಿ ಎಚ್‌ಎಎಲ್ ಮಾಡಿದ ಅಜಿತ್, ಕಿರಣ್‌ನ ಎರಡನೆಯ ಮಾದರಿ, ಮಾರುತ್, ಎಲ್ಲದರ ಎದೆಯೊಳಗೂ ಇದ್ದದ್ದು ಆರ್ಫಿಯಸ್ ವಂಶದ ಎಂಜಿನ್ನೇ.

ಹೊರಗೆ ಬಂದರೆ ತೋಟ, ಮರಗಳ ನೆರಳು, ನಡುನಡುವೆ ವಿಮಾನಗಳು. ಕಿರಣ್ ಮುಂದೆ ಜನ ಹೆಚ್ಚು. ಬೀದರ್‌ನಲ್ಲಿ 1996ರಲ್ಲಿ ಹುಟ್ಟಿದ ಸೂರ್ಯಕಿರಣ ತಂಡ ಆಕಾಶದಲ್ಲಿ ಚಿತ್ತಾರ ಬಿಡಿಸಿದ್ದು ಇದೇ ಜಾತಿಯ ವಿಮಾನಗಳಲ್ಲಿ. ಅಕ್ಕಪಕ್ಕ ಕೂರುವ ಎರಡು ಸೀಟು, ಗುಂಡನೆಯ ಮೂತಿ. ಡಾ. ವಿ.ಎಂ. ಘಾಟಗೆ ಅವರ ಕೈಕೆಳಗೆ ರೂಪುಗೊಂಡದ್ದು, ಮೊದಲ ಹಾರಾಟ 1964ರಲ್ಲಿ. ಐವತ್ತು ವರ್ಷ ದುಡಿದು 2007ರಲ್ಲಿ ನಿವೃತ್ತಿಯಾದ ಕ್ಯಾನ್‌ಬೆರಾ ಬಾಂಬರ್, ಮಿಗ್–21 ಕೂಡ ಇವೆ. ಅವುಗಳ ಬಗ್ಗೆ ಬೇರೆಯೇ ಬರೆಯಬೇಕು. ನಾನು ಬಂದದ್ದು ಮಾರುತ್‌ಗಾಗಿ.

ಮೂತಿಯಿಂದ ಬಾಲದ ತುದಿಗೆ ಹದಿನಾರು ಮೀಟರಿಗೆ ಚೂರು ಕಡಿಮೆ. ಪಕ್ಕದಲ್ಲಿ ನಿಂತು ಉದ್ದಕ್ಕೂ ಕಣ್ಣು ಹಾಯಿಸಿ. ರೆಕ್ಕೆ ಸೇರುವ ಕಡೆ ಒಡಲು ಸಣ್ಣಗಾಗಿ, ಮುಂದೆ ಮತ್ತೆ ತುಂಬಿಕೊಳ್ಳುತ್ತದೆ. ಚೆಲುವಿಗಾಗಿ ಮಾಡಿದ ಸೊಂಟವಲ್ಲ ಅದು. ಶಬ್ದದ ವೇಗದ ಹತ್ತಿರ ಹೋದಾಗ ಗಾಳಿಯ ತಡೆ ವಿಪರೀತ ಏರುತ್ತದೆ. ರೆಕ್ಕೆ ಸೇರಿಕೊಳ್ಳುವ ಜಾಗದಲ್ಲಿ ಒಡಲನ್ನು ಇಳಿಸಿದರೆ ಆ ತಡೆ ತಗ್ಗುತ್ತದೆ. ಮಾರುತ್‌ಗೆ ಈ ರೂಪ ಕೊಟ್ಟ ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ವಿನ್ಯಾಸಕ ಮಹಾಯುದ್ಧದ ಕಾಲದಲ್ಲಿ ಫೋಕ್‌ವುಲ್ಫ್ 190 ರೂಪಿಸಿ, ಆಮೇಲೆ ಅರ್ಜೆಂಟೀನಾದಲ್ಲಿ ದುಡಿದು, 1956ರಲ್ಲಿ ಬೆಂಗಳೂರಿಗೆ ಬಂದವನು. ಜೆಟ್ ತಯಾರಾಗುವ ಮೊದಲು ಅದೇ ಆಕಾರದ, ಅದೇ ಅಳತೆಯ ಮರದ ಗ್ಲೈಡರ್ ಮಾಡಿಸಿ, ಡಕೋಟಾ ವಿಮಾನದಿಂದ ಎಳೆಸಿ ಹಾರಿಸಿ ನೋಡಿದ. ಒಟ್ಟು 147 ಮಾರುತ್‌ಗಳು ತಯಾರಾದವು. ನಿರೀಕ್ಷಿಸಿದಷ್ಟು ಬಲದ ಎಂಜಿನ್ ಕೊನೆಗೂ ಸಿಗಲಿಲ್ಲ ಎಂಬುದು ಅದರ ದುರದೃಷ್ಟ. ಆದರೂ 1971ರ ಯುದ್ಧದಲ್ಲಿ ಉತ್ತರ್‌ಲಾಯಿ, ಜೋಧಪುರ ನೆಲೆಗಳಿಂದ ಎದ್ದು ಮರುಭೂಮಿಯ ಮೇಲೆ ಕಾದಾಡಿತು. ಗುಂಡು ತಗುಲಿ ಒಂದು ಎಂಜಿನ್ ಸತ್ತ ಮೇಲೂ ಇನ್ನೊಂದರ ಬಲದಲ್ಲಿ ಪೈಲಟ್‌ನನ್ನು ನೆಲೆಗೆ ಮರಳಿ ತಂದ ಪ್ರಸಂಗಗಳಿವೆ.

ಈಗ ಇನ್ನೂ ಹತ್ತಿರ ಬನ್ನಿ, ರಿವೆಟ್‌ಗಳನ್ನು ನೋಡೋಣ. ಜೆಟ್ ವಿಮಾನದ ಚರ್ಮವೆಂದರೆ ಅಲ್ಯೂಮಿನಿಯಂ ಮಿಶ್ರಲೋಹದ ತೆಳು ಹಾಳೆ. ಅದರ ಮೇಲೆ ಶುದ್ಧ ಅಲ್ಯೂಮಿನಿಯಂನ ಇನ್ನೂ ತೆಳುವಾದ ಲೇಪ. ಮಿಶ್ರಲೋಹಕ್ಕೆ ಬಲ ಹೆಚ್ಚು, ತಾಳಿಕೆ ಕಡಿಮೆ. ಗಾಳಿ ನೀರನ್ನು ತಡೆಯುವುದು ಆ ಲೇಪ. ಹಳೇ ಬಣ್ಣ ಕೀಳಲು ಯಾರಾದರೂ ಉಪ್ಪುಕಾಗದ ಹಾಕಿ ಗಸಗಸ ತಿಕ್ಕಿದರೆ ಅಥವಾ ಮರಳು ಹೊಡೆಸಿದರೆ ವಿಮಾನ ಒಂದು ದಿನ ಥಳಥಳ ಹೊಳೆಯುತ್ತದೆ, ಲೇಪ ಮಾತ್ರ ಹೋಗಿರುತ್ತದೆ. ಹಾಳೆಗಳು ಒಂದರ ಮೇಲೊಂದು ಕೂರುವ ಸಂದಿನಲ್ಲಿ ತೇವ ಉಳಿದರೆ ಕಬ್ಬಿಣದ ಹಾಗೆ ಕೆಂಪು ತುಕ್ಕು ಬರುವುದಿಲ್ಲ, ಬೂದಿಯಂಥ ಬಿಳಿ ಪುಡಿ ಏಳುತ್ತದೆ. ಆ ಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಹಾಗಾಗಿ ಎರಡು ರಿವೆಟ್‌ಗಳ ನಡುವೆ ಹಾಳೆ ದಿಂಬಿನಂತೆ ಉಬ್ಬುತ್ತದೆ. ಅಂಗೈ ಸವರಿದರೆ ತಿಳಿಯುತ್ತದೆ. ಉಕ್ಕಿನ ಬೋಲ್ಟು ಅಲ್ಯೂಮಿನಿಯಂಗೆ ತಾಗಿ ನಿಂತ ಕಡೆ ಮಳೆನೀರು ಬಿದ್ದರಂತೂ ಅದೊಂದು ಸಣ್ಣ ಬ್ಯಾಟರಿಯೇ ಆಗಿ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ.

ಹಾರುತ್ತಿದ್ದ ಕಾಲದ ಗುರುತು ಬೇರೆ. ಸಡಿಲವಾದ ರಿವೆಟ್ ಅದುರಿ ಅದುರಿ ಸವೆದಾಗ ಕಪ್ಪು ಪುಡಿ ಹೊರಬಂದು, ಗಾಳಿ ಹೋದ ದಿಕ್ಕಿಗೆ ಹಿಂದಕ್ಕೆ ಗೆರೆಯಾಗಿ ಹಬ್ಬುತ್ತದೆ, ಹೊಗೆ ಕಾರಿದ ಹಾಗೆ. ನೆಲದ ಮೇಲೆ ನಿಂತ ವಿಮಾನದಲ್ಲಿ ಆ ಗೆರೆ ಹೊಸದಾಗಿ ಮೂಡುವುದಿಲ್ಲ. ಅದು ಕಂಡರೆ ಅಳಿಸಬಾರದು ಎಂಬುದು ನನ್ನ ಅಭಿಪ್ರಾಯ. ಮೇಲಿನ ಬಣ್ಣದ ಪದರಗಳೂ ಹಾಗೆಯೇ: ಒಂದರ ಕೆಳಗೊಂದು ಹಳೇ ಸ್ಕ್ವಾಡ್ರನ್‌ನ ಗುರುತು, ಸಂಖ್ಯೆ, ತೇಪೆ. ತಿಳಿದವರು ಬಣ್ಣ ತೆಗೆಯುವ ಮೊದಲು ಪ್ರತಿ ಪದರದ ಫೋಟೊ ತೆಗೆದು, ಅಳತೆ ಬರೆದಿಡುತ್ತಾರೆ.

ನಮ್ಮ ಊರುಗಳ ವೃತ್ತಗಳಲ್ಲಿ ನಿಲ್ಲಿಸಿದ ವಿಮಾನಗಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಊರಿನ ಹೆಸರು ಬೇಡ. ಒಂದು ಕಡೆ ಕಂಬದ ಮೇಲೆ ಏರಿಸಿದ ಜೆಟ್ ನೋಡಿದ್ದೆ. ಗಾಳಿ ಒಳಹೋಗುವ ಬಾಯಿಯಲ್ಲಿ ಪಾರಿವಾಳದ ಗೂಡು, ಕಾಕ್‌ಪಿಟ್ಟಿನ ಗಾಜು ಬಿಸಿಲಿಗೆ ಹಾಲುಬಣ್ಣಕ್ಕೆ ತಿರುಗಿತ್ತು. ಹೊಟ್ಟೆಯಡಿಯ ನೀರು ಸೋರುವ ಸಣ್ಣ ತೂತುಗಳ ಮೇಲೆ ದಪ್ಪ ಬಣ್ಣ ಬಳಿದು ಮುಚ್ಚಿಬಿಟ್ಟಿದ್ದರು. ಪ್ರತಿ ಮಳೆಗಾಲದ ನೀರು ಒಳಗೇ. ಹಕ್ಕಿಯ ಹಿಕ್ಕೆ ಆಮ್ಲೀಯ, ಅದೂ ಲೋಹವನ್ನು ತಿನ್ನುತ್ತದೆ. ಬಣ್ಣ ಬಳಿದವರಿಗೆ ವಿಮಾನದ ಮೇಲೆ ದ್ವೇಷವೇನಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ನಿಂತ ವಿಮಾನಕ್ಕೂ ಮೆಕ್ಯಾನಿಕ್ ಬೇಕು. ಸೇವೆಯಿಂದ ಬಂದ ಜೆಟ್‌ನಲ್ಲಿ ಮೊದಲು ಮಾಡುವ ಕೆಲಸ ಎಜೆಕ್ಷನ್ ಸೀಟಿನ ಸಿಡಿಮದ್ದು ತೆಗೆಯುವುದು. ಪೈಲಟ್‌ನನ್ನು ಕ್ಷಣದಲ್ಲಿ ಹೊರಗೆಸೆಯುವ ಆ ಮದ್ದು ಎಷ್ಟು ವರ್ಷವಾದರೂ ಅಪಾಯವೇ. ಹಳೆಯ ಕಾಲದ ಗಡಿಯಾರ, ಮೀಟರುಗಳ ಮುಳ್ಳಿಗೆ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಳಿದಿದ್ದರೆ ಅದಕ್ಕೆ ಬೇರೆ ಎಚ್ಚರಿಕೆ. ಎಂಜಿನ್ ತೆಗೆದರೆ ವಿಮಾನದ ತೂಕದ ಸಮತೋಲ ಬದಲಾಗುತ್ತದೆ, ಅದನ್ನು ಸರಿದೂಗಿಸಬೇಕು. ಟೈರುಗಳ ಮೇಲಿನ ಭಾರ ಇಳಿಸಲು ಕೆಳಗೆ ಸ್ಟ್ಯಾಂಡ್ ಕೊಡಬೇಕು. ಮಳೆಗೆ ಪ್ಲಾಸ್ಟಿಕ್ ಟಾರ್ಪಾಲು ಹೊದಿಸಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು: ಒಳಗೆ ಬೆವರು ಕಟ್ಟುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಒಂದು ಚಾವಣಿ, ಅದರಡಿ ಗಾಳಿಯಾಟ.

ಮಾರುತ್ ಹತ್ತಿರ ಒಬ್ಬ ಹುಡುಗ ಕೇಳುತ್ತಿದ್ದ, ‘ತಾತ, ಇದು ಈಗ್ಲೂ ಹಾರತ್ತಾ?’ ತಾತ ‘ಇಲ್ಲ ಮಗಾ’ ಎಂದರು. ಹಾರಿಸಬೇಕೆ ಎಂಬ ಪ್ರಶ್ನೆ ಬೇರೆ ದೇಶಗಳನ್ನೂ ಕಾಡಿದೆ. ನ್ಯಾಟ್‌ಗಳನ್ನು ಬ್ರಿಟನ್ನಿನಲ್ಲಿ ಉತ್ಸಾಹಿಗಳ ತಂಡವೊಂದು ಇಂದಿಗೂ ಹಾರಿಸುತ್ತದೆ. ಅದೇ ದೇಶದ ವಲ್ಕನ್ ಬಾಂಬರ್ ಜನರ ದೇಣಿಗೆಯಿಂದ 2007ರಲ್ಲಿ ಮತ್ತೆ ಹಾರಿತು. ತಾಂತ್ರಿಕ ಹೊಣೆ ಹೊತ್ತಿದ್ದ ಕಂಪನಿಗಳು ಹಿಂದೆ ಸರಿದಾಗ 2015ರಲ್ಲಿ ಶಾಶ್ವತವಾಗಿ ಇಳಿಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಶೋರ್‌ಹ್ಯಾಮ್ ಪ್ರದರ್ಶನದಲ್ಲಿ ಹಳೇ ಹಂಟರ್ ಜೆಟ್ ರಸ್ತೆಗೆ ಬಿದ್ದು ಹನ್ನೊಂದು ಜನ ಸತ್ತರು. ನಮ್ಮ ವಾಯುಪಡೆಯ ಪಾರಂಪರಿಕ ವಿಮಾನಗಳ ತಂಡದಲ್ಲಿ ಟೈಗರ್ ಮಾತ್, ಹಾರ್ವರ್ಡ್, 2018ರಲ್ಲಿ ಬಂದ ಡಕೋಟಾ ಇವೆ, ಎಲ್ಲವೂ ಪ್ರೊಪೆಲರ್‌ನವು. ಮಾರುತ್ ಹಾರಬೇಕೆಂಬ ಆಸೆ ನನಗಿಲ್ಲ. ಹಾರಿಸಲು ಬೇಕಾದ ಹೊಸ ಬಿಡಿಭಾಗಗಳನ್ನು ತುಂಬುತ್ತಾ ಹೋದರೆ ಹಳೆಯದು ಉಳಿಯುವುದು ಕಡಿಮೆ. ಇದ್ದದ್ದು ಇದ್ದ ಹಾಗೆ, ಒಣಗಿ, ನೆರಳಲ್ಲಿ, ನೂರು ವರ್ಷ ನಿಲ್ಲಲಿ.

ತಲೆಯ ಮೇಲೆ ಜೆಟ್ಟಿನ ಗುಡುಗು. ಗೋಡೆಯಾಚೆಯ ರನ್‌ವೇ ಇನ್ನೂ ಪರೀಕ್ಷಾ ಹಾರಾಟಗಳಿಗೆ ಬಳಕೆಯಲ್ಲಿದೆ. 2001ರ ಜನವರಿ 4ರಂದು ತೇಜಸ್‌ನ ಮೊದಲ ಹಾರಾಟ ನಡೆದದ್ದೂ ಅಲ್ಲಿಂದಲೇ. ಹುಡುಗ ಮೇಲೆ ನೋಡಿದ, ತಾತ ಮಾರುತ್‌ನ ಗಾಳಿಬಾಯಿಯ ಅಂಚನ್ನು ಬೆರಳಲ್ಲಿ ಸವರುತ್ತಾ ಅದನ್ನು ಯಾವ ಅಚ್ಚಿನ ಮೇಲೆ ಬಗ್ಗಿಸುತ್ತಿದ್ದರೆಂದು ಹೇಳತೊಡಗಿದರು. ಕಾರ್ಖಾನೆಯಲ್ಲಿ ದುಡಿದವರೆಂದು ಮಾತಿನಲ್ಲೇ ತಿಳಿಯಿತು.

ವಿಮಾನಪುರ, ಮುರುಗೇಶಪಾಳ್ಯ, ಇಂದಿರಾನಗರಗಳ ಎಷ್ಟೋ ಮನೆಗಳಲ್ಲಿ ಇಂಥ ತಾತಂದಿರಿದ್ದಾರೆ. ಲೋಹ ಹೋಗುವ ಮುನ್ನವೇ ಹೋಗಿಬಿಡುವುದು ಅವರ ಕೈಯ ತಿಳಿವಳಿಕೆ. ನಿಮ್ಮ ಮನೆಯ ಟ್ರಂಕಿನಲ್ಲಿ ಮಾರುತ್, ಅಜಿತ್, ಕಿರಣ್ ಕೆಲಸದ ಕಾಲದ ಫೋಟೊ, ನೋಟ್‌ಬುಕ್ಕು, ಉಪಕರಣಗಳಿದ್ದರೆ ಗುಜರಿಗೆ ಹಾಕಬೇಡಿ. ಒಂದು ಪ್ರತಿಯನ್ನಾದರೂ ವಸ್ತುಸಂಗ್ರಹಾಲಯಕ್ಕೆ ಕೊಡಿ. ಅಪ್ಪನೋ ತಾತನೋ ಆ ಕೆಲಸ ಮಾಡಿದ್ದರೆ ಈ ಭಾನುವಾರವೇ ಪಕ್ಕದಲ್ಲಿ ಕೂತು, ಮೊಬೈಲಿನಲ್ಲಿ ಅವರ ಮಾತು ಧ್ವನಿಮುದ್ರಿಸಿಕೊಳ್ಳಿ.