ಪರದೇಶದ ವಾರಾನ್ನ

ವಿದ್ಯೆಗಾಗಿ ಮನೆಯನ್ನು ಬಿಟ್ಟು ಹೋಗುವುದು ನಮ್ಮವರಿಗೆ ಹೊಸತಲ್ಲ. ಪೂರ್ವಕಾಲದಲ್ಲಿ ಶಾಸ್ತ್ರಾಧ್ಯಯನಕ್ಕೆಂದು ಕಾಶಿಗೆ ಹೋದವರುಂಟು. ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ವಾರಾನ್ನದಿಂದ ಓದಿ ಪಂಡಿತರಾದವರುಂಟು. ನಮ್ಮ ರಾಯಚೂರು ಪ್ರಾಂತವು ನಿಜಾಮ ಸಂಸ್ಥಾನದಲ್ಲಿದ್ದಾಗ ಉಚ್ಚ ಶಿಕ್ಷಣಕ್ಕೆ ಹೈದರಾಬಾದಿನ ಕಡೆಗೆ ನೋಡಬೇಕಾಗಿದ್ದಿತು. ಅಲ್ಲಿ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಪಾಠಗಳು ಉರ್ದುವಿನಲ್ಲಿ ನಡೆಯುತ್ತಿದ್ದುದರಿಂದ ಕನ್ನಡದ ಹುಡುಗನಿಗೆ ಆ ನಗರವೂ ಒಂದು ಪರದೇಶವೇ ಸರಿ. ಈಗ ಮಸರಕಲ್ಲಿನಂಥ ಗ್ರಾಮದ ಮಕ್ಕಳೂ ಸಮುದ್ರವನ್ನು ದಾಟುತ್ತಿರುವರು. ಆದರೆ ಅವರ ನಿತ್ಯಜೀವನವು ಹೇಗಿರುವುದೆಂಬುದು ಕಳುಹಿಸಿದ ತಂದೆತಾಯಿಗಳಿಗೇ ಬಹುಮಟ್ಟಿಗೆ ತಿಳಿಯದು.

ನನ್ನಲ್ಲಿ ಓದಿದ ನಮ್ಮೂರಿನ ಹುಡುಗನೊಬ್ಬನು ಜರ್ಮನಿಯ ಟ್ಯೂಬಿಂಗೆನ್ ನಗರದಲ್ಲಿ ಎರಡು ವರ್ಷ ವ್ಯಾಸಂಗ ಮಾಡಿ ಬಂದಿರುವನು. ಅವನು ಹೇಳಿದುದನ್ನು ಗೃಹಸ್ಥರ ಉಪಯೋಗಕ್ಕಾಗಿ ಬರೆಯುತ್ತೇನೆ.

ಟ್ಯೂಬಿಂಗೆನ್ ನೆಕ್ಕರ್ ನದಿಯ ದಡದಲ್ಲಿರುವ ಸಣ್ಣ ಪಟ್ಟಣ. ಅಲ್ಲಿಯ ವಿಶ್ವವಿದ್ಯಾನಿಲಯವು 1477ರಷ್ಟು ಹಳೆಯದು. ಗ್ರಹಗತಿಯ ನಿಯಮಗಳನ್ನು ಕಂಡುಹಿಡಿದ ಕೆಪ್ಲರನು ಅಲ್ಲಿಯ ವಿದ್ಯಾರ್ಥಿ. ಜರ್ಮನಿಯಲ್ಲಿ ಶಿಕ್ಷಣವು ಪುಕ್ಕಟೆಯೆಂಬ ಮಾತು ನಮ್ಮಲ್ಲಿ ಹಬ್ಬಿದೆ. ಅದು ಅರ್ಧ ಸತ್ಯ. ಆ ಊರು ಸೇರಿದ ಬಾಡೆನ್-ವ್ಯೂರ್ಟೆಂಬರ್ಗ್ ಪ್ರಾಂತದಲ್ಲಿ ನಮ್ಮಂಥ ದೇಶಗಳ ವಿದ್ಯಾರ್ಥಿಗಳಿಗೆ 2017ರಿಂದ ಅರ್ಧವರ್ಷಕ್ಕೆ 1,500 ಯೂರೋ ಶುಲ್ಕ ವಿಧಿಸಲ್ಪಟ್ಟಿದೆ. ಇದಲ್ಲದೆ ಒಂದು ವರ್ಷದ ಜೀವನವೆಚ್ಚವನ್ನು ಮೊದಲೇ ಬ್ಯಾಂಕಿನಲ್ಲಿ ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಆ ಮೊತ್ತವು 11,904 ಯೂರೋ. ತಿಂಗಳಿಗೆ 992 ಯೂರೋಗಳಂತೆ ಮಾತ್ರ ಅದು ಕೈಗೆ ಬರುವುದು. ನಮ್ಮ ಹುಡುಗನ ತಂದೆಯು ಇದಕ್ಕಾಗಿ ಹೊಲವನ್ನು ಒತ್ತೆಯಿಟ್ಟನು.

ಅಲ್ಲಿಯ ದಿನಚರ್ಯೆಯೇ ಬೇರೆ. ಮನೆ ಸೇರಿದ ಎರಡು ವಾರಗಳೊಳಗಾಗಿ ಪುರಸಭೆಯಲ್ಲಿ ಹೆಸರು ಬರೆಸಬೇಕು. ಕಸವನ್ನು ಬಗೆಬಗೆಯಾಗಿ ಬೇರ್ಪಡಿಸಬೇಕು. ರವಿವಾರ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ಕಾಯಿಪಲ್ಯ ತಂದಿಟ್ಟುಕೊಳ್ಳಬೇಕು. ಪ್ಲಾಸ್ಟಿಕ್ ಬಾಟಲಿಯನ್ನು ಹಿಂದಿರುಗಿಸಿದರೆ 25 ಸೆಂಟ್ ಮರಳಿ ಬರುವುದು. ಬಳಸಿ ಬಿಸುಡುವ ಲೋಟ ತಟ್ಟೆಗಳ ಮೇಲೆ ಆ ಪುರಸಭೆಯು 2022ರಿಂದ ತೆರಿಗೆ ಹಾಕಿರುವ ಕಾರಣ, ಹುಡುಗನು ತನ್ನ ಲೋಟವನ್ನು ತಾನೇ ಚೀಲದಲ್ಲಿಟ್ಟುಕೊಂಡು ತಿರುಗುತ್ತಿದ್ದನು. ಯಾತ್ರಿಕನು ತಂಬಿಗೆಯನ್ನು ಬಿಡದೆ ಒಯ್ಯುವಂತೆ ಎಂದು ನಾನು ನಕ್ಕೆನು.

ಆದರೆ ಚಳಿಗಾಲದ ಕಥೆಯನ್ನು ಕೇಳಿದಾಗ ನಗು ಬರಲಿಲ್ಲ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕೂವರೆಗೇ ಸೂರ್ಯಾಸ್ತ. ಆಗ ನಮ್ಮಲ್ಲಿ ರಾತ್ರಿ ಒಂಬತ್ತು ಗಂಟೆ; ತಾಯಿಯು ಮಲಗುವ ಮುನ್ನ ಮಾತನಾಡುವ ಹೊತ್ತು. ಆಕೆ ಪ್ರತಿದಿನ ಕೇಳುವಳು: “ಉಂಡಿ ಏನಪ್ಪಾ?” ಇವನು ಹೇಳುವನು: “ಉಂಡೆ ಯವ್ವಾ.” ಒತ್ತೆಯಿಟ್ಟ ಹೊಲವನ್ನು ನೆನೆದು ಒಂದು ಹೊತ್ತಿನ ಊಟವನ್ನು ಬಿಟ್ಟಿದ್ದನು. ಹಣಕ್ಕಾಗಿ ಸಾಯಂಕಾಲ ಒಂದು ಭೋಜನಶಾಲೆಯಲ್ಲಿ ಪಾತ್ರೆ ತೊಳೆಯುತ್ತಿದ್ದನು. ನಿದ್ರೆಯಿಲ್ಲದೆ ಒಂದು ಪರೀಕ್ಷೆಯಲ್ಲಿ ಅನುತ್ತೀರ್ಣನಾಗಿ ಅದನ್ನೂ ಮುಚ್ಚಿಟ್ಟನು.

ಒಂದು ರಾತ್ರಿ ತಾಯಿ ಪ್ರಶ್ನೆಯನ್ನು ಬದಲಿಸಿ “ಏನ್ ಉಂಡಿ?” ಎಂದಳು. ಇವನಿಗೆ ಉತ್ತರ ಹೊರಡಲಿಲ್ಲ. ಅತ್ತುಬಿಟ್ಟನು, ಸಮಸ್ತವನ್ನೂ ಹೇಳಿದನು. ತಾಯಿಯು ಸಿಟ್ಟಾಗಲಿಲ್ಲ. “ಹೊಲ ಎಲ್ಲಿಗೂ ಓಡಿಹೋಗಾಂಗಿಲ್ಲ. ಜ್ವಾಳದ ಹಿಟ್ಟು ಕೊಟ್ಟು ಕಳಿಸೀನಲ್ಲ, ನೀರು ಕಾಸು” ಎಂದಳಂತೆ. ಅಂದು ಆಕೆ ದೂರದಿಂದಲೇ ಹೇಳುತ್ತ ಹೋದಂತೆ ಇವನು ಬಿಸಿನೀರಿನಲ್ಲಿ ಹಿಟ್ಟು ನಾದಿ ಮೊದಲ ರೊಟ್ಟಿ ಬಡಿದನು.

ಹತ್ತು ಗಂಟೆಯ ಮೇಲೆ ಸದ್ದು ಮಾಡಬಾರದೆಂಬುದು ಅಲ್ಲಿಯ ಕಟ್ಟುಪಾಡು. ಇದನ್ನು ಮರೆತು ಒಂದು ದಿನ ತಡರಾತ್ರಿ ರೊಟ್ಟಿ ಬಡಿಯುತ್ತಿರಲು, ಪಕ್ಕದ ಕೋಣೆಯ ಜರ್ಮನ್ ವಿದ್ಯಾರ್ಥಿಯು ಬಂದು ಬಾಗಿಲು ತಟ್ಟಿದನು. ಹುಡುಗನು ಕ್ಷಮೆ ಬೇಡಿ, ಅರ್ಧ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ಕೊಟ್ಟನು. ಅವನು ತಿಂದು, ರವಿವಾರ ತನ್ನಲ್ಲಿ ಊಟಕ್ಕೆ ಬರಬೇಕೆಂದನು. ಕ್ರಮೇಣ ಆ ಅಡಿಗೆಮನೆಯ ಐವರು ಒಬ್ಬೊಬ್ಬರು ಒಂದೊಂದು ದಿನ ಎಲ್ಲರಿಗೂ ಅಡಿಗೆ ಮಾಡುವುದೆಂದು ನಿಶ್ಚಯವಾಯಿತು. ಖರ್ಚು ತಗ್ಗಿತು, ಭಾಷೆಯೂ ಕೈವಶವಾಯಿತು. ಬಿಟ್ಟ ಪರೀಕ್ಷೆಯಲ್ಲಿ ಉತ್ತೀರ್ಣನಾದನು. ವಾರಾನ್ನವಲ್ಲದೆ ಇದು ಮತ್ತೇನು?

ಆ ಪಟ್ಟಣಕ್ಕೂ ನಮಗೂ ಹಳೆಯ ಋಣವೊಂದುಂಟು. 1853ರಲ್ಲಿ ಜರ್ಮನಿಯಿಂದ ನಮ್ಮ ನಾಡಿಗೆ ಬಂದ ಫರ್ಡಿನಂಡ್ ಕಿಟ್ಟೆಲರು ನಮ್ಮ ಭಾಷೆಯನ್ನು ಕಲಿತು 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದರು. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟನ್ನಿತ್ತಿತು. 1903ರಲ್ಲಿ ಅವರು ಆ ಊರಿನಲ್ಲೇ ತೀರಿಕೊಂಡರು. ನಮ್ಮಲ್ಲಿ ಮೊದಲ ಅಕ್ಷರ ತಿದ್ದುವಾಗ ಅವರೂ ಪರದೇಶಿಯೇ ಆಗಿದ್ದರಷ್ಟೆ. ಜರ್ಮನ್ ಭಾಷೆ ತೊಡರಿದಾಗಲೆಲ್ಲ ನಮ್ಮ ಹುಡುಗನು ಇದನ್ನು ನೆನೆದು ಧೈರ್ಯ ತಂದುಕೊಳ್ಳುತ್ತಿದ್ದನಂತೆ.

ಗೃಹಸ್ಥರೆ, ಮಕ್ಕಳನ್ನು ಕಳುಹಿಸುವ ಮುಂಚೆ ಖರ್ಚಿನ ಲೆಕ್ಕವನ್ನು ಪೂರ್ತಿಯಾಗಿ ವಿಚಾರಿಸಿರಿ. ನಾಲ್ಕು ಅಡಿಗೆಗಳನ್ನು ಕಲಿಸಿರಿ. ಸೋತುದನ್ನು ಮನೆಯಲ್ಲಿ ಹೇಳಬಹುದೆಂಬ ಭರವಸೆಯನ್ನು ಎಲ್ಲಕ್ಕಿಂತ ಮೊದಲು ಕೊಡಿರಿ. ಉಂಡೆಯಾ ಎಂದರೆ ಮಕ್ಕಳು ಹೌದೆನ್ನುವರು. ಆದಕಾರಣ ಏನು ಉಂಡೆಯೆಂದು ಕೇಳಿರಿ. ಕೇಳಿದ ಮೇಲೆ ಉತ್ತರ ಬರುವ ತನಕ ಕಾಯಿರಿ.